ಅಟ್ಟದ ಟ್ರಂಕಿನ ವಾಚು ಯಾರದ್ದು?

ಹಳೆ ವಾಚು, ಗಡಿಯಾರಗಳ ಬಗ್ಗೆ ಓದುಗರು ಬರೆದು ಕೇಳಿದ್ದಕ್ಕೆ ಕಾರವಾರದ ಒಬ್ಬ ವಾಚ್ ರಿಪೇರಿಯವರ ಉತ್ತರ

ಪ್ರಶ್ನೆ: ನಮ್ಮದು ಶಿರಸಿಯಿಂದ ಒಳಗೆ, ತೋಟದ ನಡುವಿನ ಹಳೆ ಮನೆ. ಹೋದ ವರ್ಷ ಅಪ್ಪಯ್ಯ ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡಲು ಹೊರಟೆವು. ಅಲ್ಲಿದ್ದ ತಗಡಿನ ಟ್ರಂಕಿನಲ್ಲಿ ಅಡಿಕೆ ಪಟ್ಟಿಗಳು, ಕಂದಾಯದ ರಸೀದಿಗಳು, ಅಪ್ಪಯ್ಯನ ಸೋದರತ್ತೆಗೆ 1949ರಲ್ಲಿ ಬಂದ ಸ್ಕೂಲ್ ಬೋರ್ಡಿನ ಆರ್ಡರ್, ಒಂದು ಬಿಸ್ಕೆಟ್ ಡಬ್ಬಿ ಸಿಕ್ಕವು. ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಕೈಗಡಿಯಾರ. ಡಯಲ್ ಮೇಲೆ ‘ವೆಸ್ಟ್ ಎಂಡ್ ವಾಚ್ ಕಂಪನಿ, ಸೋವರ್ ಪ್ರೈಮಾ’ ಎಂದಿದೆ, ಕೆಳಗೆ ‘ಇಂಕಾಬ್ಲಾಕ್’ ಎಂದಿದೆ. ನಮ್ಮ ಅಜ್ಜ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಹಿಂಡಲಗಾ ಜೈಲಿನಲ್ಲಿದ್ದವರು. ಬಿಡುಗಡೆಯಾಗುವಾಗ ಬಿಳಿ ಸಾಹೇಬ ಅವರ ನಡತೆ ಮೆಚ್ಚಿ ತನ್ನ ಕೈಯಿಂದಲೇ ಬಿಚ್ಚಿ ಕೊಟ್ಟ ವಾಚು ಇದು ಅಂತ ನಾವು ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಅಂಗಡಿಯೊಂದರಲ್ಲಿ ತೋರಿಸಿದರೆ ಹಿಂದಿನ ಮುಚ್ಚಳ ತೆಗೆದು ನೋಡಿ, ‘ಗುಜರಿ ಮಾಲು, ಐನೂರು ಕೊಡ್ತೇನೆ’ ಅಂದರು. ನಾನು ಕೊಡಲಿಲ್ಲ. ಆಗ ಮಗ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನೂ ಅಜ್ಜನ ಒಂದು ಫೋಟೋವನ್ನೂ ಕಳಿಸಿದ್ದೇನೆ. ಇದು ನಿಜಕ್ಕೂ ಸಾಹೇಬನ ವಾಚಾ? ನಡೆಯುತ್ತದಾ? ಬೆಲೆ ಎಷ್ಟಾದೀತು?
– ಓದುಗರು, ಶಿರಸಿ ತಾಲೂಕು

ಉತ್ತರ: ತಂಗೀ, ಐನೂರಕ್ಕೆ ಕೊಡದೆ ಇದ್ದಿದ್ದು ಒಳ್ಳೆಯದಾಯಿತು. ಅದಕ್ಕಿಂತ ಒಳ್ಳೆಯ ಕೆಲಸ ನಿಮ್ಮ ಮಗ ಮಾಡಿದ್ದು. ಮುಚ್ಚಳದ ಒಳಮೈಯ ಫೋಟೋವನ್ನು ಸಾಮಾನ್ಯವಾಗಿ ಯಾರೂ ಕಳಿಸುವುದಿಲ್ಲ. ಎಲ್ಲರೂ ಡಯಲ್ ಫೋಟೋ ಕಳಿಸಿ ‘ಇದು ಯಾವ ಕಾಲದ್ದು’ ಅಂತಾರೆ. ಮನುಷ್ಯನ ಮುಖ ನೋಡಿ ಜಾತಕ ಕೇಳಿದ ಹಾಗೆ.

ಮೊದಲು ಹೆಸರಿನ ವಿಷಯ. ವೆಸ್ಟ್ ಎಂಡ್ ಅನ್ನುವುದು ಇಂಗ್ಲೆಂಡಿನದ್ದು ಅಂತ ಬಹಳ ಜನ ತಿಳಿದಿದ್ದಾರೆ, ಹೆಸರು ಹಾಗಿದೆ ನೋಡಿ. ಅದು ಸ್ವಿಸ್ ಕಂಪನಿ. 1886ರಿಂದ ಇದೆ. ಅವರ ಮುಖ್ಯ ಗಿರಾಕಿಗಳು ನಮ್ಮವರೇ. ಬೊಂಬಾಯಿ, ಕಲ್ಕತ್ತಾದಲ್ಲಿ ಅವರ ವ್ಯಾಪಾರ. ‘ಸೋವರ್’ ಅಂದರೆ ಬೇರೇನಲ್ಲ, ನಮ್ಮ ‘ಸವಾರ’ನೇ. ಕುದುರೆ ದಂಡಿನ ಸಿಪಾಯಿಗೆ ಬ್ರಿಟಿಷ್ ಸೈನ್ಯದಲ್ಲಿ ಹಾಗೆ ಕರೆಯುತ್ತಿದ್ದರು. ಹಿಂದೂಸ್ತಾನದ ಮಾರುಕಟ್ಟೆಗೆ ಅಂತಲೇ ಇಟ್ಟ ಹೆಸರು ಅದು. ಆಗ ನಮ್ಮ ಜಿಲ್ಲೆ ಇದ್ದದ್ದೂ ಬೊಂಬಾಯಿ ಪ್ರಾಂತ್ಯದಲ್ಲೇ. 1956ರಲ್ಲಿ ರಾಜ್ಯಗಳು ಬೇರೆಬೇರೆ ಆಗುವ ತನಕ ನಮಗೆ ಬೊಂಬಾಯಿಯೇ ರಾಜಧಾನಿ. ಕಾರವಾರ ಬಂದರಿಗೆ ಅಲ್ಲಿಂದ ಹಡಗು ಬರುತ್ತಿತ್ತು. ಹಾಗಾಗಿ ಘಟ್ಟದ ಮೇಲಿನ ತೋಟದ ಮನೆಯಲ್ಲಿ ವೆಸ್ಟ್ ಎಂಡ್ ವಾಚು ಸಿಕ್ಕರೆ ಅದಕ್ಕೆ ಸಾಹೇಬನೇ ಬರಬೇಕಂತಿಲ್ಲ. ನಮ್ಮ ಜಿಲ್ಲೆಯ ಮನೆಗಳಲ್ಲಿ ಎಚ್‌ಎಂಟಿ ಬಿಟ್ಟರೆ ನನಗೆ ಜಾಸ್ತಿ ಸಿಕ್ಕಿದ್ದು ಇದೇ ವಾಚು.

ಈಗ ನಿಮ್ಮ ಮನೆಯ ಕಥೆಗೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ. ವಾಚು ಆ ಕಥೆಗೆ ಸಾಕ್ಷಿ ಹೇಳುತ್ತಿಲ್ಲ.

ಡಯಲ್ ಮೇಲೆ ‘ಇಂಕಾಬ್ಲಾಕ್’ ಅಂತ ಓದಿದ್ದು ನೀವೇ. ವಾಚಿನಲ್ಲಿ ಅತ್ತಿಂದಿತ್ತ ತೂಗುವ ಚಕ್ರ ಒಂದಿದೆ, ಬ್ಯಾಲೆನ್ಸ್ ಅಂತೀವಿ. ಅದರ ಅಚ್ಚಿನ ತುದಿ ಕೂದಲಿನಷ್ಟು ಸಪೂರ. ಹಿಂದೆ ವಾಚು ಕೈಜಾರಿ ಬಿದ್ದರೆ ಈ ತುದಿ ಪಟ್ಟನೆ ಮುರಿಯುತ್ತಿತ್ತು. ಅದು ಮುರಿಯಬಾರದು ಅಂತ ಅಚ್ಚು ಕೂರುವ ಕಲ್ಲಿಗೆ ಒಂದು ಸಣ್ಣ ಸ್ಪ್ರಿಂಗ್ ಕೂರಿಸುವ ಉಪಾಯ ಬಂತು. ಅದೇ ಇಂಕಾಬ್ಲಾಕ್. ನಿಮ್ಮ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಚಕ್ರದ ನಟ್ಟನಡುವೆ ಕೆಂಪು ಕಲ್ಲು, ಅದರ ಮೇಲೆ ಎತ್ತಿನ ಕೋಡಿನ ಹಾಗೆ ಬಾಗಿದ ಹಿತ್ತಾಳೆ ಬಣ್ಣದ ತಂತಿ ಕಾಣುತ್ತದೆ. ಪಶ್ಚಿಮದವರು ಅದನ್ನು ಲೈರ್ ಅನ್ನುವ ತಂತಿವಾದ್ಯಕ್ಕೆ ಹೋಲಿಸುತ್ತಾರೆ. ನನಗೆ ಮಾತ್ರ ನಲವತ್ತು ವರ್ಷದಿಂದ ಎತ್ತಿನ ಕೋಡೇ ಕಂಡಿದೆ.

ಈ ಎತ್ತಿನ ಕೋಡು ಲೋಕಕ್ಕೆ ಬಂದಿದ್ದೇ 1934ರ ಹೊತ್ತಿಗೆ. ಅಂಕೋಲೆಯಲ್ಲಿ ಉಪ್ಪು ಮಾಡಿದ್ದು 1930ರಲ್ಲಿ. ಅಜ್ಜ ಜೈಲಿನಿಂದ ಹೊರಬಂದಾಗ ಈ ವಾಚು ಇನ್ನೂ ಹುಟ್ಟಿರಲಿಲ್ಲ.

ಇನ್ನೊಂದು ಮಾತು ಹೇಳಲಾ? ಉಪ್ಪಿನ ಸತ್ಯಾಗ್ರಹದ ಹಿಂದೆಯೇ ಅಂಕೋಲೆ, ಸಿದ್ದಾಪುರ, ಶಿರಸಿ ಕಡೆ ಕರನಿರಾಕರಣೆ ನಡೆಯಿತು. ಕಂದಾಯ ಕೊಡದವರ ಜಮೀನು, ದನ, ಪಾತ್ರೆಪಗಡ ಎಲ್ಲ ಜಪ್ತಿಯಾಯಿತು. ಅಡುಗೆಮನೆಯ ಚೆಂಬು ಹೊತ್ತುಕೊಂಡು ಹೋದ ಸರಕಾರ ಕೈಯಲ್ಲಿದ್ದ ವಾಚು ಬಿಚ್ಚಿ ಕೊಟ್ಟಿತು ಅನ್ನುವುದು ನನಗೆ ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ. ಅಜ್ಜ ಜೈಲಿಗೆ ಹೋಗಿದ್ದು ನಿಜ. ಅದಕ್ಕೆ ಸಾಹೇಬನ ಸರ್ಟಿಫಿಕೇಟು ಯಾಕೆ ಬೇಕು?

ಹಾಗಾದರೆ ವಾಚು ಯಾರದ್ದು? ಈಗ ಮುಚ್ಚಳದ ಒಳಮೈ ನೋಡೋಣ.

ಅಲ್ಲಿ ಕಂಪನಿಯ ಅಚ್ಚು, ಕೇಸಿನ ನಂಬರು ಇವೆ. ಅದನ್ನು ಬಿಟ್ಟು, ಅಂಚಿನ ಹತ್ತಿರ ಸೂಜಿಯಲ್ಲಿ ಗೀರಿದ ಮೂರು ಗುರುತುಗಳಿವೆ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವಂಥವು. ‘8-52’, ‘3-56’, ‘11-60’. ಇದು ನಮ್ಮ ಕಸುಬಿನವರ ಕೆಲಸ. ಸರ್ವಿಸ್ ಮಾಡಿದಾಗಲೆಲ್ಲ ಮುಚ್ಚಳದೊಳಗೆ ಗುರುತು ಗೀರುತ್ತೇವೆ. ಗಿರಾಕಿ ಎರಡು ವರ್ಷ ಬಿಟ್ಟು ಬಂದು ‘ಮೊನ್ನೆ ತಾನೇ ಮಾಡಿಸಿದ್ದು, ಮತ್ತೆ ನಿಂತಿದೆ’ ಅಂತ ಜಗಳಕ್ಕೆ ನಿಂತಾಗ ಮುಚ್ಚಳ ತೆಗೆದು ತೋರಿಸಲು. ಕೆಲವರು ತಮ್ಮ ರಿಜಿಸ್ಟರಿನ ನಂಬರು ಗೀರುತ್ತಾರೆ, ಕೆಲವರು ಹೆಸರಿನ ಮೊದಲಕ್ಷರ. ನಿಮ್ಮದರಲ್ಲಿ ಮೂರೂ ಏರುತ್ತ ಹೋಗಿವೆ, ನಡುವೆ ನಾಲ್ಕು ವರ್ಷಗಳ ಅಂತರ ಇದೆ. ಹಾಗಾಗಿ ಇವು ತಿಂಗಳು, ವರ್ಷ ಅಂತಲೇ ಓದುತ್ತೇನೆ. 1952ರ ಆಗಸ್ಟ್, 1956ರ ಮಾರ್ಚ್, 1960ರ ನವೆಂಬರ್.

ಹೊಸ ವಾಚು ಮೊದಲ ಸರ್ವಿಸ್‌ಗೆ ಬರುವುದು ಎರಡು ಮೂರು ವರ್ಷಕ್ಕೆ. ಅಂದರೆ ಕೊಂಡಿದ್ದು 1949–50ರ ಸುಮಾರಿಗೆ ಇದ್ದೀತು. ಆಮೇಲೆ ಹನ್ನೊಂದು ಹನ್ನೆರಡು ವರ್ಷ ಯಾರೋ ದಿನಾ ಕಟ್ಟಿದ್ದಾರೆ, ತಪ್ಪದೆ ಸರ್ವಿಸ್ ಮಾಡಿಸಿದ್ದಾರೆ. ತೋಟದ ಮನೆಯಲ್ಲಿ ಹೊತ್ತು ನೋಡಲು ಬಿಸಿಲಿದೆ, ಹಟ್ಟಿಯ ದನದ ಕೂಗಿದೆ. ನಿಮಿಷ ನೋಡಿ ಬದುಕಬೇಕಾದವರ ವಾಚು ಇದು. 1960ರ ನಂತರ ಒಂದೂ ಗುರುತಿಲ್ಲ. ಅಲ್ಲಿಗೆ ಅದು ಡಬ್ಬಿ ಸೇರಿದೆ.

ಬೆಲ್ಟು ನೋಡಿ ಈಗ. ಚರ್ಮ ಒಣಗಿ ಹಪ್ಪಳದ ಹಾಗಾಗಿದೆ, ಬೂಸ್ಟು ಹಿಡಿದಿದೆ, ಆದರೂ ಮಾತಾಡುತ್ತದೆ. ಅಂಗಡಿಯಿಂದ ಬಂದ ತೂತುಗಳು ಆರು. ಎಲ್ಲಕ್ಕಿಂತ ಒಳಗೆ ಏಳನೆಯದ್ದೊಂದು ಇದೆ, ಅದು ಗುಂಡಗಿಲ್ಲ. ದಬ್ಬಣದಲ್ಲಿ ಮನೆಯಲ್ಲೇ ಚುಚ್ಚಿದ್ದು. ಬಕಲ್ ಒತ್ತಿ ಮಡಚಿದ ಗೆರೆ ಬಿದ್ದಿರುವುದು ಆ ಏಳನೇ ತೂತಿನ ಹತ್ತಿರವೇ. ಉಳಿದ ಆರೂ ಹೊಸದರ ಹಾಗಿವೆ. ಅಜ್ಜನ ಫೋಟೋದಲ್ಲಿ ಅವರ ಮಣಿಕಟ್ಟು ನೋಡಿದೆ. ಕೊಡಲಿ ಹಿಡಿದು, ಮಣ್ಣು ಹೊತ್ತು ಬೆಳೆದ ಕೈ. ನನ್ನ ಎರಡರಷ್ಟಿದೆ. ಆ ಬೆಲ್ಟು ಅವರ ಕೈಗೆ ಮೊದಲನೇ ತೂತಿಗೂ ಬಂದೀತೋ ಇಲ್ಲವೋ.

ತೀರಾ ಸಪೂರ ಕೈಯವರು ಕಟ್ಟಿದ ವಾಚು. 1949ರ ಹೊತ್ತಿಗೆ ಬಂದಿದ್ದು. ನಿಮಿಷ ನೋಡುವ ಕೆಲಸದವರದ್ದು. ತಂಗೀ, ನೀವು ಅಡಿಕೆ ಪಟ್ಟಿ, ಕಂದಾಯದ ರಸೀದಿಗಳ ನಡುವೆ ಒಂದು ಮಾತು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಸೋದರತ್ತೆಗೆ ಬಂದ ಸ್ಕೂಲ್ ಬೋರ್ಡಿನ ಆರ್ಡರ್, ಅಂದರೆ ಟೀಚರ್ ಕೆಲಸದ ಕಾಗದ.

ಇದು ಊಹೆ, ಒಪ್ಪುತ್ತೇನೆ. ಬೆಲ್ಟು ಹೇಳುವುದು ಕೊನೆಗೆ ಕಟ್ಟಿದವರ ಕಥೆ ಮಾತ್ರ. ಬೆವರಿಗೆ ಚರ್ಮದ ಬೆಲ್ಟು ಎರಡು ವರ್ಷ ಬಂದರೆ ಹೆಚ್ಚು. ಮೊದಲು ಬೇರೆ ಯಾರೋ ಕಟ್ಟಿದ್ದಿರಬಹುದು. ವಾಚು ಗಂಡಸರದ್ದು ಅನ್ನುವುದಂತೂ ಅಡ್ಡಿಯಲ್ಲ. ಹೆಂಗಸರ ವಾಚಿನ ಮಷೀನು ಬೆರಳುಗುರಿನಷ್ಟಿರುತ್ತಿತ್ತು, ಬೇಗ ಕೆಡುತ್ತಿತ್ತು. ದಿನಾ ಗಂಟೆ ಹೊಡೆಸಬೇಕಾದ ಟೀಚರುಗಳು, ನರ್ಸುಗಳು ದೊಡ್ಡ ವಾಚನ್ನೇ ಕಟ್ಟಿದ್ದನ್ನು ನನ್ನ ಮಾವನ ಅಂಗಡಿಯಲ್ಲಿ ನಾನೇ ಎಷ್ಟೋ ನೋಡಿದ್ದೇನೆ. ಮುಲ್ಕಿ, ಅಂದರೆ ಆಗಿನ ಏಳನೇ ಇಯತ್ತೆಯ ಪರೀಕ್ಷೆ ಪಾಸಾಗಿ, ಆ ಕಾಲದಲ್ಲಿ ತೋಟದ ಮನೆಯಿಂದ ಹೊರಗೆ ಕೆಲಸಕ್ಕೆ ಹೋದ ಹೆಣ್ಣುಮಗಳು ಮೊದಲ ಸಂಬಳದಲ್ಲಿ ಕೊಂಡಿದ್ದೋ, ಅಣ್ಣನೇ ಕೊಡಿಸಿದ್ದೋ. ಆ ಅತ್ತೆ ಎಷ್ಟು ವರ್ಷ ಕೆಲಸ ಮಾಡಿದರು, ಯಾವಾಗ ಬಿಟ್ಟರು, ಯಾವಾಗ ತೀರಿಕೊಂಡರು ಅಂತ ಮನೆಯ ಹಿರಿಯರನ್ನು ಕೇಳಿ. ಉತ್ತರ 1960–62ರ ಹತ್ತಿರ ಬಂದರೆ ನನಗೊಂದು ಕಾರ್ಡು ಹಾಕಿ.

ನಡೆಯುತ್ತದಾ ಅಂತ ಕೇಳಿದ್ದೀರಿ. ಫೋಟೋದಲ್ಲಿ ತುಕ್ಕು ಚಾವಿಯ ಕಡ್ಡಿಯಲ್ಲಿ ಮಾತ್ರ ಇದೆ, ಚಕ್ರಗಳಲ್ಲಿ ಇಲ್ಲ. ಶಿರಸಿ ಮಳೆಗೆ ಇಷ್ಟು ಉಳಿದಿದ್ದೇ ದೊಡ್ಡದು. ಆ ಹತ್ತಿಗೆ, ಡಬ್ಬಿಯ ಬಿಗಿ ಮುಚ್ಚಳಕ್ಕೆ ನಮಸ್ಕಾರ ಹೇಳಿ. ಆದರೆ ದಯವಿಟ್ಟು ಈಗ ಚಾವಿ ಕೊಟ್ಟು ನೋಡಬೇಡಿ. ಅರವತ್ತು ವರ್ಷದ ಹಿಂದಿನ ಎಣ್ಣೆ ಒಣಗಿ ಮೇಣವಾಗಿರುತ್ತದೆ. ಅದರಲ್ಲಿ ಚಕ್ರ ತಿರುಗಿದರೆ ಅಚ್ಚು ಸವೆಯುತ್ತದೆ. ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸಿ ‘ಟಿಕ್ ಅಂತಾ ಇದೆ’ ಅಂತ ಖುಷಿಪಡುವುದೂ ಬೇಡ. ಪೂರಾ ಬಿಚ್ಚಿ ತೊಳೆದು ಎಣ್ಣೆ ಹಾಕಿದ ಮೇಲೆ ನಡೆದೇ ನಡೆಯುತ್ತದೆ ಅಂತ ನನಗನ್ನಿಸುತ್ತದೆ.

ಅಂಕಿಗಳ ಮೇಲೆ, ಮುಳ್ಳುಗಳಲ್ಲಿ ಕಂದು ಬಣ್ಣದ ಪುಡಿ ಇದೆಯಲ್ಲ, ಅದರ ಬಗ್ಗೆ ಮಾತ್ರ ಎಚ್ಚರ. ಈಗ ಬೈಕಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರಿಗೂ ನಾವು ರೇಡಿಯಂ ಅಂತೀವಿ. ಅದರಲ್ಲಿ ರೇಡಿಯಂ ಇಲ್ಲ. ಆ ಕಾಲದ ವಾಚಿನಲ್ಲಿ ಇದ್ದದ್ದು ನಿಜವಾದ ರೇಡಿಯಂ. ಈಗ ಕತ್ತಲೆಯಲ್ಲಿ ಹೊಳೆಯುವುದಿಲ್ಲ, ಯಾಕಂದರೆ ಜೊತೆಗೆ ಬೆರೆಸಿದ ಹೊಳಪಿನ ಪುಡಿ ಸತ್ತಿದೆ. ರೇಡಿಯಂ ಸತ್ತಿಲ್ಲ. ಅದರ ಕಸುವು ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಮುಚ್ಚಿದ್ದರೆ ಕಪಾಟಿನಲ್ಲಿಡಲು ಹೆದರಬೇಕಾಗಿಲ್ಲ. ಗಾಜು ತೆಗೆದು ಕೆರೆಯುವುದು, ಊದುವುದು, ಮಕ್ಕಳ ಕೈಗೆ ಕೊಡುವುದು ಖಂಡಿತ ಬೇಡ. ಆ ಪುಡಿ ಉಸಿರಿನಲ್ಲಾಗಲಿ ಬಾಯಿಂದಾಗಲಿ ಒಳಗೆ ಹೋಗಬಾರದು. ರಿಪೇರಿಗೆ ಕೊಡುವಾಗಲೂ ಇದು ರೇಡಿಯಂ ಡಯಲ್ ಅಂತ ಮೊದಲೇ ಹೇಳಿ.

ಡಯಲ್ ಚಹಾ ಬಣ್ಣಕ್ಕೆ ತಿರುಗಿದೆ, ಹೊಸದಾಗಿ ಬಣ್ಣ ಹೊಡೆಸಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೊಡೆಸಬೇಡಿ. ಮುಂಬೈ ಕಡೆಯಿಂದ ಬಣ್ಣ ಬಳಿದ, ಹೆಸರು ಹೊಸದಾಗಿ ಅಚ್ಚೊತ್ತಿದ ವೆಸ್ಟ್ ಎಂಡ್‌ಗಳು ರಾಶಿ ಬಿದ್ದಿವೆ. ಹಳೆ ವಾಚು ಕೂಡಿಡುವವರು ಮುಟ್ಟದ ಡಯಲನ್ನೇ ಹುಡುಕುತ್ತಾರೆ. ಒರೆಸುವುದೂ ಬೇಡ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನಗೆ ಆಗ ಹತ್ತೊಂಬತ್ತು ವರ್ಷ. ಸೋದರಮಾವನ ಹತ್ತಿರ ಕೆಲಸ ಕಲಿಯುತ್ತಿದ್ದೆ. ಮಾವ ಶಿರಸಿ ಮಾರಿಜಾತ್ರೆಗೆ ಹೋಗಿದ್ದರು. ಹಾರವಾಡ ಕಡೆಯ ಒಬ್ಬ ಹಿರಿಯರ ಸೋವರ್ ಪ್ರೈಮಾ ಮೇಜಿನ ಮೇಲಿತ್ತು. ಮಾವ ಬರುವಷ್ಟರಲ್ಲಿ ಡಯಲ್ ಫಳಫಳ ಮಾಡಿಡೋಣ ಅಂತ ಒದ್ದೆ ಹತ್ತಿ ತಗೊಂಡು ಒಂದೇ ಸಲ, ಮೆತ್ತಗೆ, ಅಡ್ಡ ಎಳೆದೆ. ಕಂಪನಿಯ ಹೆಸರು ಹತ್ತಿಗೆ ಬಂತು. ಡಯಲ್ ಮೇಲೆ ಬೂದು ಬಣ್ಣದ ಒಂದು ಉದ್ದ ಕಲೆ ಉಳಿಯಿತು. ಮಾರನೇ ದಿನ ಆ ಹಿರಿಯರು ಬಂದು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ‘ಈಗ ಇದು ಯಾರದ್ದು ಅಂತ ಹೇಳೂದು?’ ಅಂದರು ಅಷ್ಟೇ. ಅವರು ಇರುವ ತನಕ ಮಾವ ಆ ವಾಚಿಗೆ ದುಡ್ಡು ತಗೊಳ್ಳಲಿಲ್ಲ.

ಬೆಲೆ? ಕೇಸು ಸ್ಟೀಲಿನದ್ದು, ಬಂಗಾರವಲ್ಲ. ಸಾವಿರಗಟ್ಟಲೆ ತಯಾರಾದ ಮಾಲು. ಅದನ್ನು ಮಾರಿ ಮನೆ ರಿಪೇರಿ ಮಾಡಿಸುವುದಂತೂ ಆಗುವುದಿಲ್ಲ. ಐನೂರಕ್ಕಿಂತ ಖಂಡಿತ ಜಾಸ್ತಿ. ಮಾರುವುದೇ ಆದರೆ ಮೂರು ಕಡೆ ತೋರಿಸಿ, ಮುಚ್ಚಳದ ಗುರುತು ಯಾರೂ ಉಜ್ಜಿ ಅಳಿಸದ ಹಾಗೆ ನೋಡಿಕೊಳ್ಳಿ. ಆ ಬೆಲ್ಟನ್ನು ಬಿಸಾಡಬೇಡಿ. ಬೇರೆ ಬೆಲ್ಟು ಹಾಕಿಸಿ, ಇದನ್ನು ಆ ಆರ್ಡರ್ ಕಾಗದದ ಜೊತೆಗೇ ಇಡಿ.

ಪ್ರಶ್ನೆ: ಅಪ್ಪ ನಿವೃತ್ತಿಯ ತನಕ ಕಟ್ಟಿದ ಎಚ್‌ಎಂಟಿ ಜನತಾ ಕಪಾಟಿನಲ್ಲಿ ಸಿಕ್ಕಿತು. ನಿಂತಿತ್ತು. ಸೆಲ್ ಹಾಕಿಸಲು ಹೋದರೆ ಅಂಗಡಿಯವರು ನಕ್ಕರು. ಯಾಕೆ ನಕ್ಕರು ಅಂತ ಕೇಳಲು ನಾಚಿಕೆಯಾಯಿತು.
– ಓದುಗರು, ಕುಮಟಾ

ಉತ್ತರ: ನಗಬಾರದಿತ್ತು. ನಿಮ್ಮ ಪ್ರಾಯದವರು ಹುಟ್ಟಿದಾಗಿನಿಂದ ನೋಡಿದ್ದು ಸೆಲ್ ವಾಚೇ ತಾನೇ. ಜನತಾದಲ್ಲಿ ಸೆಲ್ ಇಲ್ಲ ತಮ್ಮಾ, ಒಳಗಿರುವುದು ಸ್ಪ್ರಿಂಗು. ಬಲಗಡೆಯ ಚಾವಿಯನ್ನು ಮುಂದಕ್ಕೆ ತಿರುಗಿಸಿದರೆ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಒಂದೂವರೆ ದಿನ. ಅದಕ್ಕೇ ಅಪ್ಪ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಚಾವಿ ಕೊಡುತ್ತಿದ್ದಿರಬೇಕು, ನೆನಪು ಮಾಡಿಕೊಳ್ಳಿ. ನಮ್ಮ ತಂದೆ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಮುಂಚಿನ ಬೀಪ್‌ಗೆ ಮುಳ್ಳು ಕೂಡಿಸಿ, ಇಪ್ಪತ್ತೈದು ಸುತ್ತು ಎಣಿಸಿ ಚಾವಿ ಕೊಡುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಕೈಗೆ ಬಿಗಿ ಹತ್ತಿದ ಕೂಡಲೇ ನಿಲ್ಲಿಸಬೇಕು, ಒತ್ತಾಯ ಮಾಡಬಾರದು. ನಿಮ್ಮದು ಎಷ್ಟು ವರ್ಷದಿಂದ ನಿಂತಿದೆಯೋ, ಮೊದಲು ಒಂದು ಸರ್ವಿಸ್ ಮಾಡಿಸಿ.

ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ. ಆಮೇಲೆ ತುಮಕೂರಿನಲ್ಲೂ ಫ್ಯಾಕ್ಟರಿ ಬಂತು. 2016ರಲ್ಲಿ ವಾಚಿನ ವಿಭಾಗವನ್ನೇ ಮುಚ್ಚಿದರು. ಈಗ ಜನತಾಕ್ಕೆ ಗಿರಾಕಿ ಜಾಸ್ತಿಯಾಗಿ, ಗಿಳಿಹಸಿರು, ಕಿತ್ತಳೆ, ನೇರಳೆ ಡಯಲಿನವೆಲ್ಲ ಮಾರಾಟಕ್ಕೆ ಬರುತ್ತಿವೆ. ಹೆಚ್ಚಿನವು ಯಾರೋ ಬಣ್ಣ ಬಳಿದವು. ನಿಮ್ಮಪ್ಪನ ಮಾಸಿದ ಬಿಳಿಯೇ ಸರಿ. ಮುಚ್ಚಳ ತೆಗೆದಾಗ ಮಷೀನಿನ ಮೇಲೆ ಎಚ್‌ಎಂಟಿ ಅಂತಲೂ 0231 ಅಂತಲೂ 17 ಜ್ಯುವೆಲ್ಸ್ ಅಂತಲೂ ಕಂಡರೆ ಮಷೀನೂ ಅದರದ್ದೇ. ಬಿಡಿಭಾಗದ ಚಿಂತೆ ಬೇಡ. ನಮ್ಮಂಥ ಪ್ರತಿಯೊಬ್ಬ ಮುದುಕನ ಮೇಜಿನ ಕೆಳಗೂ ಒಂದು ಡಬ್ಬಿ ಸತ್ತ ಜನತಾಗಳಿವೆ.

ಪ್ರಶ್ನೆ: ಅಜ್ಜನ ಮನೆಯಲ್ಲಿ ಸರಪಳಿ ಇರುವ ಜೇಬುಗಡಿಯಾರ ಸಿಕ್ಕಿದೆ. ಬೆನ್ನಿನ ಮೇಲೆ ರೈಲು ಎಂಜಿನ್ ಚಿತ್ರ, ಡಯಲ್ ಮೇಲೆ ‘ರೈಲ್ವೇ’, ‘ಸಿಸ್ಟಂ ರಾಸ್ಕಾಫ್’ ಎಂದಿದೆ. ಅಜ್ಜ ರೈಲ್ವೆಯಲ್ಲಿ ಕೆಲಸಕ್ಕಿದ್ದರು ಅಂತ ಚಿಕ್ಕಪ್ಪ, ಇಲ್ಲ ಅಂತ ಅತ್ತೆ. ಮನೆಯಲ್ಲಿ ಎರಡು ಪಕ್ಷವಾಗಿದೆ.
– ಓದುಗರು, ಹೊನ್ನಾವರ

ಉತ್ತರ: ನಾನು ಅತ್ತೆಯ ಪಕ್ಷ, ಮಾರಾಯ್ರೆ. ನಮ್ಮ ಕರಾವಳಿಗೆ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅಜ್ಜ ಹುಬ್ಬಳ್ಳಿಗೋ ಮುಂಬೈಗೋ ಹೋಗಿ ದುಡಿದಿದ್ದಕ್ಕೆ ಒಂದು ಕಾಗದ ಇದ್ದರೆ ಚಿಕ್ಕಪ್ಪ ತೋರಿಸಲಿ. ಎಂಜಿನ್ ಚಿತ್ರ ಸಾಕ್ಷಿಯಲ್ಲ. ಬೆಂಕಿಪೊಟ್ಟಣದ ಮೇಲೆ ಹಡಗು ಇದ್ದರೆ ಕೊಂಡವನು ಖಲಾಸಿಯಾ?

ರಾಸ್ಕಾಫ್ ಅನ್ನುವ ಮನುಷ್ಯ ಸ್ವಿಟ್ಜರ್ಲೆಂಡಿನಲ್ಲಿ 1867ರಲ್ಲಿ ಒಂದು ಅಗ್ಗದ ವಾಚು ತಂದ. ಕೂಲಿ ಮಾಡುವವನಿಗೂ ಒಂದು ವಾಚು ಸಿಗಬೇಕು ಅಂತ ಅವನ ಹಟ. ಚಕ್ರಗಳನ್ನು ಕಡಿಮೆ ಮಾಡಿದ, ಕೆಂಪು ಕಲ್ಲು ಇರುವಲ್ಲಿ ಸಣ್ಣ ಸ್ಟೀಲ್ ಪಿನ್ನು ಹಾಕಿದ. ಆಮೇಲೆ ಎಲ್ಲರೂ ಅದೇ ಮಾದರಿಯಲ್ಲಿ ಮಾಡಿ ‘ಸಿಸ್ಟಂ ರಾಸ್ಕಾಫ್’ ಅಂತ ಬರೆದರು. ರೈಲ್ವೆಯವರ ವಾಚು ಅಂದರೆ ಟೈಮ್ ಸರಿಯಾಗಿರುತ್ತದೆ ಅಂತ ಜನರ ನಂಬಿಕೆ, ಅದಕ್ಕೆ ಎಂಜಿನ್ ಚಿತ್ರ. ಕಿವಿಗೆ ಹಿಡಿಯದೆಯೂ ಅದರ ಸದ್ದು ಕೇಳುತ್ತದೆ, ಹಂಚಿನ ಮೇಲೆ ಹನಿ ಬಿದ್ದ ಹಾಗೆ. ಬಡವರ ವಾಚು ಅಂತ ಹಗುರ ಮಾಡಬೇಡಿ. ಸರಿ ಮಾಡಿದರೆ ಇವತ್ತೂ ನಡೆಯುತ್ತದೆ.

ಪ್ರಶ್ನೆ: ನಮ್ಮ ದೊಡ್ಡಪ್ಪ ಪೋರ್ತುಗೀಜರು ಇದ್ದಾಗ ಗೋವೆಯಿಂದ ತಂದ ವಾಚು, ನೋಡಲು ಪೂರಾ ಬಂಗಾರ. ‘25 ಜ್ಯುವೆಲ್ಸ್’ ಎಂದಿದೆ, ಹಿಂದೆ ‘20 ಮೈಕ್ರಾನ್ಸ್’ ಎಂದಿದೆ. ಪಾಲು ಮಾಡುವಾಗ ಇದಕ್ಕೆ ಎಷ್ಟು ತೊಲೆ ಅಂತ ಹಿಡಿಯಬೇಕು? ಮಾಣಿಕ್ಯದ ಬೆಲೆ ಬೇರೆಯಾ?
– ಓದುಗರು, ಸದಾಶಿವಗಡ

ಉತ್ತರ: ತೊಲೆ ಲೆಕ್ಕ ಬಿಡಿ. 20 ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು ದಪ್ಪದ ಬಂಗಾರದ ಲೇಪ. ಕೆಳಗೆ ಬೇರೆ ಲೋಹ. ಚಾವಿಯ ಹತ್ತಿರ, ಬೆಲ್ಟು ಕೂರುವ ಕಿವಿಗಳ ಮೂಲೆಯಲ್ಲಿ ನೋಡಿ, ಬೆವರಿಗೆ ಲೇಪ ಹೋಗಿ ಒಳಬಣ್ಣ ಕಂಡಿರುತ್ತದೆ. ಗಟ್ಟಿ ಬಂಗಾರದ್ದಾದರೆ ಮುಚ್ಚಳದೊಳಗೆ 18 ಕ್ಯಾರೆಟ್ ಅಂತಲೋ 750 ಅಂತಲೋ ಮುದ್ರೆ ಇರುತ್ತದೆ, ಮೈಕ್ರಾನ್ ಅಂತ ಇರುವುದಿಲ್ಲ.

1961ರ ಡಿಸೆಂಬರಿಗೆ ಮುಂಚೆ ಗೋವೆಯಲ್ಲಿ ವಿಲಾಯ್ತಿ ಮಾಲು ಧಾರಾಳ, ಇಲ್ಲಿ ಆಮದಿಗೆ ಬಿಗಿ. ಕಾಳಿ ನದಿಗೆ ಸೇತುವೆ ಇಲ್ಲದ ಕಾಲ. ದಾಟುವ ಲಾಂಚಿನಲ್ಲಿ ಉದ್ದ ತೋಳಿನ ಅಂಗಿ ಹಾಕಿಕೊಂಡವರನ್ನು ನೋಡಿ ಜನ ನಗುತ್ತಿದ್ದರಂತೆ, ‘ಮೊಣಕೈ ತನಕ ಎಷ್ಟು ಗಂಟೆ?’ ಅಂತ. ದೊಡ್ಡಪ್ಪ ಒಂದೇ ತಂದಿದ್ದರೆ ಸಜ್ಜನರು.

ಮಾಣಿಕ್ಯದ ವಿಷಯ. ವಾಚಿನೊಳಗಿನ ಕೆಂಪು ಕಲ್ಲು ಒಡವೆಗಲ್ಲ, ಅಚ್ಚು ತಿರುಗುವಾಗ ಸವೆಯದಿರಲಿ ಅಂತ ಇಟ್ಟ ಬೇರಿಂಗು. ಇಪ್ಪತ್ತನೇ ಶತಮಾನದ ಶುರುವಿನಿಂದಲೂ ಅದನ್ನು ಕಾರ್ಖಾನೆಯಲ್ಲಿ ಕುಲುಮೆಯಲ್ಲಿ ಮಾಡುತ್ತಾರೆ, ಗಣಿಯಿಂದ ಬಂದದ್ದಲ್ಲ. ಹಿಂದೆ ಒಬ್ಬರು ಕೆಟ್ಟ ವಾಚು ತಂದು, ಕಲ್ಲು ತೆಗೆದುಕೊಡಿ, ಮಗಳ ಉಂಗುರಕ್ಕೆ ಕೂರಿಸುತ್ತೇನೆ ಅಂದರು. ಒಂದನ್ನು ತೆಗೆದು ಬಿಳಿ ಕಾಗದದ ಮೇಲಿಟ್ಟೆ. ಸಾಸಿವೆಗಿಂತ ಸಣ್ಣದು, ನಡುವೆ ತೂತು. ಅವರು ಬಗ್ಗಿ ನೋಡಿದರು, ಕನ್ನಡಕ ಹಾಕಿ ನೋಡಿದರು. ಅಷ್ಟರಲ್ಲಿ ಫ್ಯಾನ್ ಗಾಳಿಗೆ ಅದು ಎಲ್ಲೋ ಹಾರಿತು. ‘ಇನ್ನು ಹದಿನಾರಿವೆ, ತೆಗೀಲಾ?’ ಅಂದೆ. ಬೇಡ, ವಾಚನ್ನೇ ಸರಿ ಮಾಡಿಕೊಡಿ ಅಂದರು. ಹಾರಿದ ಕಲ್ಲು ಹುಡುಕಲು ನನಗೆ ಅರ್ಧ ದಿನ ಹೋಯಿತು.